ಸೊನ್ನೆ ಎಂದುಕೊಂಡ ಜಾಗ: ಆರ್ಕ್ಟಿಕ್ ಜನರ ಆಹಾರದಲ್ಲಿ ವಿಷ ಕಂಡ ಚರಿತ್ರೆ

ರೇಚಲ್ ಕಾರ್ಸನ್ ಅವರ ‘ಸೈಲೆಂಟ್ ಸ್ಪ್ರಿಂಗ್’ (1962) ಓದಿದವರಿಗೆ ಹಕ್ಕಿಗಳು ನೆನಪಿರುತ್ತವೆ. ಬೆಲುಗಾ ತಿಮಿಂಗಿಲ ನೆನಪಿರುವುದು ಅಪರೂಪ. ಡಿಡಿಟಿ ಸೋಕದ ಊಟ ಎಲ್ಲಿಯಾದರೂ ಉಳಿದಿದೆಯೇ ಎಂದು ಹುಡುಕುತ್ತ ಕಾರ್ಸನ್ ಒಂದು ಕಡೆ ಅಲಾಸ್ಕದ ಆರ್ಕ್ಟಿಕ್ ಕರಾವಳಿಯವರೆಗೂ ಹೋಗುತ್ತಾರೆ. ಅಲ್ಲಿನ ಮೂಲನಿವಾಸಿಗಳು ತಿನ್ನುವ ಮೀನು, ಬೆಲುಗಾ, ಕ್ಯಾರಿಬೂ ಸಾರಂಗ, ವಾಲ್ರಸ್, ಕಾಡುಹಣ್ಣು, ಯಾವುದರಲ್ಲೂ ಕೀಟನಾಶಕ ಸಿಕ್ಕಿರಲಿಲ್ಲ. ಪಾಯಿಂಟ್ ಹೋಪ್‌ನ ಎರಡು ಬಿಳಿ ಗೂಬೆಗಳಲ್ಲಿ ಮಾತ್ರ ಒಂದಿಷ್ಟು ಡಿಡಿಟಿ ಇತ್ತು. ವಲಸೆ ಹೋದಾಗ ತಗುಲಿರಬಹುದೆಂದು ಊಹಿಸಲಾಯಿತು. ಕೆಲವು ಜನರ ಮೈಕೊಬ್ಬಿನಲ್ಲೂ ಅಲ್ಪಸ್ವಲ್ಪ ಕಂಡಿತು. ಅವರು ಶಸ್ತ್ರಚಿಕಿತ್ಸೆಗಾಗಿ ಆಂಕರೇಜ್‌ನ ಆಸ್ಪತ್ರೆಗೆ ಬಂದು ಅಲ್ಲಿನ ಊಟ ಉಂಡವರು. ಅಂದರೆ ವಿಷ ಪೇಟೆಯ ತಟ್ಟೆಯದು, ಬೇಟೆಯ ಊಟ ಶುದ್ಧ.

ಈ ನಂಬಿಕೆ ಕಾರ್ಸನ್ ಒಬ್ಬರದಲ್ಲ. ಎಷ್ಟು ಮಲಿನವಾಗಿದೆ ಎಂದು ಅಳೆಯಬೇಕಾದರೆ ಮಲಿನವಾಗದ ಒಂದು ಜಾಗ ಬೇಕು. ವಿಜ್ಞಾನ ಆರ್ಕ್ಟಿಕ್ ನಾಡನ್ನು ಅಂಥ ಸೊನ್ನೆಯಾಗಿ ಇಟ್ಟುಕೊಂಡಿತ್ತು. ಆ ಸೊನ್ನೆ ಹೇಗೆ ಮುರಿಯಿತು, ಮುರಿದಾಗಲೆಲ್ಲ ಅದರ ಭಾರ ಯಾರ ಊಟದ ಮೇಲೆ ಬಿತ್ತು ಎಂಬುದು ಈ ಲೇಖನದ ವಿಷಯ.

ವಾಸ್ತವದಲ್ಲಿ ಕಾರ್ಸನ್ ಬರೆಯುವ ಹೊತ್ತಿಗೇ ಸೊನ್ನೆ ಒಡೆದಿತ್ತು, ಬೇರೊಂದು ಕಡೆಯಿಂದ. ವಾತಾವರಣದಲ್ಲಿ ನಡೆಸಿದ ಅಣುಬಾಂಬ್ ಪರೀಕ್ಷೆಗಳ ದೂಳು ಉತ್ತರದ ಕಲ್ಲುಹೂವಿನ ಮೇಲೆ ಕೂರುತ್ತಿತ್ತು. ಕಲ್ಲುಹೂವಿಗೆ ಬೇರಿಲ್ಲ, ಗಾಳಿ, ಮಳೆ, ಹಿಮ ತಂದದ್ದನ್ನೇ ಹೀರಿ ವರ್ಷಗಟ್ಟಲೆ ಹಿಡಿದಿಟ್ಟುಕೊಳ್ಳುತ್ತದೆ. ಚಳಿಗಾಲವಿಡೀ ಅದನ್ನೇ ಮೇಯುವ ಹಿಮಸಾರಂಗ, ಆ ಸಾರಂಗವನ್ನು ತಿನ್ನುವ ಮನುಷ್ಯ: ಮೂರೇ ಹೆಜ್ಜೆಯ ದಾರಿ. ಸ್ವೀಡನ್ನಿನ ಕುರ್ಟ್ ಲಿಡೆನ್ 1961ರಲ್ಲಿ ಹಿಮಸಾರಂಗ ಸಾಕುವ ಸಾಮಿ ಮೂಲನಿವಾಸಿಗಳ ದೇಹದಲ್ಲಿ ಸೀಸಿಯಂ-137 ಅತಿಯಾಗಿರುವುದನ್ನು ಪ್ರಕಟಿಸಿದರು. ಬಾಂಬ್ ಸಿಡಿದ ಜಾಗದಿಂದ ಸಾವಿರಾರು ಕಿಲೋಮೀಟರ್ ದೂರದಲ್ಲಿದ್ದವರು ದಕ್ಷಿಣದ ನಗರವಾಸಿಗಳಿಗಿಂತ ಹೆಚ್ಚು ವಿಕಿರಣ ಹೊತ್ತಿದ್ದರು. 1963ರ ಪರೀಕ್ಷಾ ನಿಷೇಧ ಒಪ್ಪಂದದ ನಂತರ ಪ್ರಮಾಣ ಇಳಿಯತೊಡಗಿತು, ಸುದ್ದಿಯೂ ಅದರೊಡನೆ ಇಳಿಯಿತು.

ಮುಂದೆ 1986ರ ಏಪ್ರಿಲ್‌ನಲ್ಲಿ ಚೆರ್ನೋಬಿಲ್ ಅಣುಸ್ಥಾವರದ ದುರಂತ. ಆ ವರ್ಷ ಸ್ವೀಡನ್ನಿನಲ್ಲಿ ಕಡಿದ ಹಿಮಸಾರಂಗದ ಮಾಂಸದ ಬಹುಪಾಲನ್ನು ಬಿಸಾಡಬೇಕಾಯಿತು. ಬಳಿಕ ನಡೆದದ್ದನ್ನು ನಿಧಾನವಾಗಿ ಓದಬೇಕು. ಸ್ವೀಡನ್ ತನ್ನ ಮಿತಿಯನ್ನು ಕಿಲೋಗೆ 300 ಬೆಕ್ವೆರೆಲ್‌ನಿಂದ 1,500ಕ್ಕೆ, ನಾರ್ವೆ 600ರಿಂದ 6,000ಕ್ಕೆ ಏರಿಸಿದವು. ಮಾಂಸ ಬದಲಾಗಲಿಲ್ಲ, ‘ತಿನ್ನಬಹುದು’ ಎಂಬ ಮಾತಿನ ಅಳತೆ ಬದಲಾಯಿತು. ಇದನ್ನು ಮೋಸವೆಂದು ತಳ್ಳಿಹಾಕುವುದು ಸುಲಭ. ಆದರೆ ಪೇಟೆಯವರು ವರ್ಷಕ್ಕೆ ನಾಲ್ಕು ಸಲ ತಿನ್ನುವ ಮಾಂಸಕ್ಕೆ ಹೆಚ್ಚಿನ ಮಿತಿ ಇಟ್ಟರೆ ಅವರಿಗೆ ಅಪಾಯ ಕಡಿಮೆ. ಮಿತಿ ಏರಿಸದೆ ಹೋಗಿದ್ದರೆ ಸಾಮಿಗಳ ಸಾರಂಗ ಸಾಕಣೆಯೇ ಮುಳುಗುತ್ತಿತ್ತು. ವಾರವಿಡೀ ಅದನ್ನೇ ಉಣ್ಣುವ ಸಾಮಿ ಕುಟುಂಬಕ್ಕೆ ಮಾತ್ರ ಈ ಲೆಕ್ಕ ಹೊಂದುವುದಿಲ್ಲ. ಅದೇ ಅಂಕಿ ಅವರ ಕಸುಬನ್ನು ಉಳಿಸಿತು, ಅವರ ಊಟದ ಭರವಸೆಯನ್ನು ಕದಡಿತು.

ಎರಡನೆಯ ಬಿರುಕು ಸದ್ದಿಲ್ಲದೆ ಬಂದದ್ದು. 1966ರಲ್ಲಿ ಸ್ವೀಡನ್ನಿನ ಸೋರೆನ್ ಯೆನ್ಸೆನ್ ಡಿಡಿಟಿ ಹುಡುಕುತ್ತಿದ್ದಾಗ ಗುರುತು ಸಿಗದ ಬೇರೊಂದು ವಸ್ತು ಎದುರಾಗಿ, ಅದು ಪಿಸಿಬಿ ಎಂದು ಗೊತ್ತಾಯಿತು. ಟ್ರಾನ್ಸ್‌ಫಾರ್ಮರ್ ಎಣ್ಣೆ, ಬಣ್ಣ, ಕಟ್ಟಡದ ಸಂದು ತುಂಬುವ ಮೇಣ ಮುಂತಾದ ಕಡೆಗಳಲ್ಲಿ ದಶಕಗಳಿಂದ ಬಳಕೆಯಲ್ಲಿದ್ದ ರಾಸಾಯನಿಕ ಅದು. ಎಪ್ಪತ್ತರ ದಶಕದಲ್ಲಿ ಕೆನಡಾದ ಆರ್ಕ್ಟಿಕ್ ಸೀಲ್‌ಗಳಲ್ಲೂ ಹಿಮಕರಡಿಗಳಲ್ಲೂ ಅದು ಕಂಡಿತು. ಆಗಲೂ ಅದು ಪ್ರಾಣಿಶಾಸ್ತ್ರದ ವಿಷಯವಾಗಿಯೇ ಉಳಿಯಿತು. ಕರಡಿ ತಿನ್ನುವ ಸೀಲನ್ನೇ ಮನುಷ್ಯರೂ ತಿನ್ನುತ್ತಾರೆ ಎಂಬ ನೇರ ಪ್ರಶ್ನೆ ಏಳಲು ಇನ್ನೂ ಹತ್ತು ವರ್ಷ ಬೇಕಾಯಿತು. ಈ ವಿಳಂಬಕ್ಕೆ ಉಪಕರಣದ ಕೊರತೆ ಕಾರಣವೆಂದು ನನಗೆ ಅನಿಸುವುದಿಲ್ಲ.

ಎಂಬತ್ತರ ದಶಕದ ನಡುವೆ ಕ್ವಿಬೆಕ್‌ನ ವೈದ್ಯ ಎರಿಕ್ ಡಿವೈ ಎದೆಹಾಲಿನಲ್ಲಿರುವ ಪಿಸಿಬಿಯನ್ನು ಅಳೆಯುತ್ತಿದ್ದರು. ದಕ್ಷಿಣದ ಕೈಗಾರಿಕಾ ಪ್ರದೇಶದ ತಾಯಂದಿರೊಂದಿಗೆ ಹೋಲಿಸಲು ಶುದ್ಧವಾದ ಗುಂಪೊಂದು ಅವರಿಗೆ ಬೇಕಿತ್ತು. ಕಾರ್ಖಾನೆಯಿಲ್ಲದ, ಹೆದ್ದಾರಿಯಿಲ್ಲದ ಉತ್ತರದ ನುನಾವಿಕ್‌ನ ಇನುಯಿಟ್ ತಾಯಂದಿರಿಗಿಂತ ಸೂಕ್ತರು ಯಾರಿದ್ದಾರು? ಫಲಿತಾಂಶ ಬಂದಾಗ ಲೆಕ್ಕ ತಲೆಕೆಳಗಾಗಿತ್ತು. ನುನಾವಿಕ್ ತಾಯಂದಿರ ಹಾಲಿನಲ್ಲಿ ಪಿಸಿಬಿ ದಕ್ಷಿಣದವರಿಗಿಂತ ಸುಮಾರು ಐದು ಪಟ್ಟು. 1989ರಲ್ಲಿ ಇದು ಪ್ರಕಟವಾಯಿತು. ಅದೇ ಕಾಲದಲ್ಲಿ ಬಾಫಿನ್ ದ್ವೀಪದ ಬಳಿಯ ಬ್ರೌಟನ್ ದ್ವೀಪದಲ್ಲಿ, ಅಂದರೆ ಇಂದಿನ ಕಿಕಿಕ್ತಾರ್ಜುವಾಕ್‌ನಲ್ಲಿ, ವೈದ್ಯ ಡೇವಿಡ್ ಕಿನ್ಲಾಕ್ ಮತ್ತು ಪೋಷಣಾ ವಿಜ್ಞಾನಿ ಹ್ಯಾರಿಯೆಟ್ ಕುನ್‌ಲೈನ್ ಜನರ ಊಟವನ್ನೂ ರಕ್ತವನ್ನೂ ಒಟ್ಟಿಗೆ ಪರೀಕ್ಷಿಸುತ್ತಿದ್ದರು. ಅಲ್ಲಿಯೂ ಇದೇ ಕಥೆ. ಊರಿನವರಿಗೆ ಅರ್ಥವಾಗುವಂತೆ ವಿವರಿಸುವುದಕ್ಕೆ ಮೊದಲೇ ಸುದ್ದಿ ದಕ್ಷಿಣದ ಪತ್ರಿಕೆಗಳಲ್ಲಿ ದಪ್ಪಕ್ಷರ ಪಡೆಯಿತು. ಅಲ್ಲಿನವರಿಗೆ ‘ಪಿಸಿಬಿ ಜನ’ ಎಂಬ ಹೆಸರೇ ಅಂಟಿತು.

ಬೇಟೆಗಾರನಿಗೆ ಪ್ರಾಣಿಯನ್ನು ನೋಡಿ ತಿಳಿಯುವ ವಿದ್ಯೆ ಇದೆ. ಯಕೃತ್ತಿನ ಬಣ್ಣ, ಕೊಬ್ಬಿನ ದಪ್ಪ, ಮಾಂಸದೊಳಗಿನ ಹುಳ ಕಂಡು, ಇದು ತಿನ್ನಲು ಸಲ್ಲದು ಎಂದು ಬದಿಗಿಡುತ್ತಾನೆ. ಪಿಸಿಬಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ದಷ್ಟಪುಷ್ಟವಾದ, ಕೊಬ್ಬಿದ ಸೀಲ್‌ನಲ್ಲೇ ಅದು ತುಂಬಿರಬಹುದು. ತಲೆಮಾರುಗಳ ವಿದ್ಯೆ ಇಲ್ಲಿ ಕೈಕೊಟ್ಟಿತು, ತೀರ್ಪು ದೂರದ ಪ್ರಯೋಗಾಲಯದ ಪಾಲಾಯಿತು. ಹಳ್ಳಿಗಳಲ್ಲಿ ಕಂಡ ಅಪನಂಬಿಕೆಯನ್ನು ಅಜ್ಞಾನವೆಂದು ಬರೆದವರು ಈ ನಷ್ಟವನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಕಾರ್ಖಾನೆಯೇ ಇಲ್ಲದ ನಾಡಿಗೆ ಇಷ್ಟು ವಿಷ ಬಂದದ್ದು ಹೇಗೆ? ಸ್ವಲ್ಪ ಪಾಲು ಸ್ಥಳೀಯವೇ. ಶೀತಲ ಸಮರದ ಕಾಲದಲ್ಲಿ ಅಲಾಸ್ಕದಿಂದ ಪೂರ್ವಕ್ಕೆ ಸಾಲಾಗಿ ಕಟ್ಟಿದ ರೇಡಾರ್ ನಿಲ್ದಾಣಗಳು ಪಿಸಿಬಿ ತುಂಬಿದ ಉಪಕರಣಗಳನ್ನು ಬಿಟ್ಟುಹೋಗಿದ್ದವು. ಲ್ಯಾಬ್ರಡಾರ್‌ನ ಸಾಗ್ಲೆಕ್ ಕೊಲ್ಲಿಯ ಮೀನಿಗೂ ಕಡಲಹಕ್ಕಿಗೂ ಅದು ತಗುಲಿತು. ಆದರೆ ದೊಡ್ಡ ಪಾಲು ದೂರದಿಂದ ಬಂದದ್ದು. ಫ್ರಾಂಕ್ ವಾನಿಯಾ ಮತ್ತು ಡೊನಾಲ್ಡ್ ಮೆಕೇ 1993ರಲ್ಲಿ ಇದರ ಚಲನೆಯನ್ನು ವಿವರಿಸಿದರು. ಈ ರಾಸಾಯನಿಕಗಳು ಬೆಚ್ಚಗಿನ ನಾಡಿನಲ್ಲಿ ಆವಿಯಾಗುತ್ತವೆ, ತಂಪಿನಲ್ಲಿ ನೆಲಕ್ಕಿಳಿಯುತ್ತವೆ, ಬೇಸಿಗೆ ಬಂದರೆ ಮತ್ತೆ ಏಳುತ್ತವೆ. ಹೀಗೆ ಮಿಡತೆಯಂತೆ ಕುಪ್ಪಳಿಸುತ್ತ ಉತ್ತರ ಸೇರುತ್ತವೆ. ಅಲ್ಲಿ ಮತ್ತೆ ಏಳುವಷ್ಟು ಶಾಖವಿಲ್ಲ. ಅಲ್ಲಿಂದಾಚೆಗೆ ಕೊಬ್ಬಿನ ಕೆಲಸ: ಪ್ಲವಕದಿಂದ ಸಣ್ಣ ಮೀನಿಗೆ, ಮೀನಿನಿಂದ ಸೀಲಿಗೆ, ಸೀಲಿನಿಂದ ಕರಡಿಗೋ ಮನುಷ್ಯನಿಗೋ. ಚಳಿಯ ಕಡಲಿನಲ್ಲಿ ಬದುಕಬೇಕಾದರೆ ಕೊಬ್ಬು ಬೇಕು, ವಿಷಕ್ಕೂ ಬೇಕಾದದ್ದು ಅದೇ.

ಇಲ್ಲಿ ಕನ್ನಡ ಓದುಗರಿಗೆ ಪರಿಚಿತವಾದ ಒಂದು ಹೆಸರು ಬರುತ್ತದೆ: ಗೆಮಾಕ್ಸಿನ್ ಪುಡಿ. ಹೊಲದಲ್ಲಿ, ಇರುವೆ ಗೂಡಿನ ಮೇಲೆ ಎರಚುತ್ತಿದ್ದ ಬಿಎಚ್‌ಸಿ. ಆರ್ಕ್ಟಿಕ್ ಗಾಳಿಯಲ್ಲೂ ಕಡಲಲ್ಲೂ ಹೇರಳವಾಗಿ ಸಿಕ್ಕ ಕೀಟನಾಶಕಗಳಲ್ಲಿ ಇದರ ಕುಟುಂಬ ಮುಂಚೂಣಿಯಲ್ಲಿತ್ತು. ಜಗತ್ತಿನಲ್ಲಿ ಇದನ್ನು ಅತಿ ಹೆಚ್ಚು ಬಳಸಿದ ದೇಶಗಳ ಸಾಲಿನಲ್ಲಿ ಚೀನಾ ಮತ್ತು ಭಾರತ ಇದ್ದವು. ಚೀನಾ 1983ರಲ್ಲಿ ನಿಲ್ಲಿಸಿತು, ಭಾರತ 1997ರಲ್ಲಿ ನಿಷೇಧಿಸಿತು. ಬಳಕೆ ಕುಸಿದಂತೆ ಆರ್ಕ್ಟಿಕ್ ಗಾಳಿಯಲ್ಲಿನ ಪ್ರಮಾಣವೂ ಮೆಟ್ಟಿಲಿಳಿದ ಹಾಗೆ ಇಳಿಯಿತು. ಗಾಳಿ ಬೇಗ ತಿಳಿಯಾಯಿತು. ಕಡಲು ಅಷ್ಟು ಬೇಗ ಮರೆಯುವುದಿಲ್ಲ.

1991ರಲ್ಲಿ ಆರ್ಕ್ಟಿಕ್ ರಾಷ್ಟ್ರಗಳು ಫಿನ್ಲೆಂಡಿನ ರೊವಾನಿಯೆಮಿಯಲ್ಲಿ ಸೇರಿ, ಮಾಲಿನ್ಯದ ಮೇಲೆ ಕಣ್ಣಿಡುವ ‘ಅಮಾಪ್’ ಕಾರ್ಯಕ್ರಮವನ್ನು ಸ್ಥಾಪಿಸಿದವು. ಕೆನಡಾ ತನ್ನದೇ ಉತ್ತರ ಮಾಲಿನ್ಯಕಾರಕಗಳ ಕಾರ್ಯಕ್ರಮವನ್ನು ಆರಂಭಿಸಿತು. ಇನುಯಿಟ್ ಸರ್ಕಂಪೋಲಾರ್ ಸಮ್ಮೇಳನ 1977ರಿಂದಲೇ ಇತ್ತು. ಅದರ ಪ್ರತಿನಿಧಿಗಳು ಈಗ ಅಂತರರಾಷ್ಟ್ರೀಯ ಮಾತುಕತೆಗಳಲ್ಲಿ ಅಂಕಿಅಂಶ ಹಿಡಿದು ಕೂತರು. 1999ರಲ್ಲಿ ನೈರೋಬಿಯ ಸಭೆಯ ಹೊತ್ತಿಗೆ ಅವರ ಕೆನಡಾ ಶಾಖೆಯ ಮುಖ್ಯಸ್ಥೆ ಶೀಲಾ ವಾಟ್-ಕ್ಲೂಟಿಯರ್, ತಾಯಿ-ಮಗುವಿನ ಇನುಯಿಟ್ ಕಲ್ಲುಶಿಲ್ಪವೊಂದನ್ನು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಮುಖ್ಯಸ್ಥ ಕ್ಲಾಸ್ ಟೋಪ್ಫರ್ ಕೈಗಿತ್ತರು. ಮುಂದಿನ ಮಾತುಕತೆಗಳಲ್ಲಿ ಅಧ್ಯಕ್ಷ ಜಾನ್ ಬುಚ್ಚಿನಿಯವರ ಮೇಜಿನ ಮೇಲೆ ಆ ಶಿಲ್ಪ ಇರುತ್ತಿತ್ತು. ಇದನ್ನು ಭಾವುಕ ತಂತ್ರ ಎನ್ನುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ: ಎದೆಹಾಲಿನ ಅಂಕಿ ಬಂದದ್ದೇ ಅಂಥ ತಾಯಂದಿರಿಂದ. 2001ರ ಮೇ ತಿಂಗಳಲ್ಲಿ ಸಹಿಯಾದ ಸ್ಟಾಕ್‌ಹೋಮ್ ಒಪ್ಪಂದ ಮೊದಲಿಗೆ ಹನ್ನೆರಡು ರಾಸಾಯನಿಕಗಳನ್ನು ಹಿಡಿದಿತ್ತು. ಆರ್ಕ್ಟಿಕ್ ಪರಿಸರವನ್ನೂ ಅಲ್ಲಿನ ಮೂಲನಿವಾಸಿಗಳನ್ನೂ ಅದರ ಪೀಠಿಕೆಯೇ ಹೆಸರಿಸಿತು. 2004ರಲ್ಲಿ ಜಾರಿಗೆ ಬಂತು.

ಹಾಗೆ ಆರ್ಕ್ಟಿಕ್ ಸೊನ್ನೆಯ ಸ್ಥಾನದಿಂದ ಸಾಕ್ಷಿಯ ಸ್ಥಾನಕ್ಕೆ ಬಂತು. ಇದರ ವಿಚಿತ್ರ ಫಲವನ್ನು ದಕ್ಷಿಣ ಕನ್ನಡ ಮತ್ತು ಕಾಸರಗೋಡಿನವರು ಕಂಡಿದ್ದಾರೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದ ಮೇಲೆ, ಕೊಕ್ಕಡ ಮತ್ತು ಸುತ್ತಲಿನ ಊರುಗಳ ಜನ ವರ್ಷಗಟ್ಟಲೆ ತಮ್ಮ ಮಕ್ಕಳ ಅಂಗವೈಕಲ್ಯವನ್ನು ಮುಂದಿಟ್ಟು ಹೋರಾಡಿದರು. ಒಪ್ಪಂದದ ಪಟ್ಟಿಗೆ ಒಂದು ರಾಸಾಯನಿಕ ಸೇರಲು, ಬಳಸಿದ ಜಾಗದಲ್ಲಿ ಹಾನಿಯಾಯಿತು ಎಂಬುದಷ್ಟೇ ಸಾಲದು. ಅದು ದೂರ ಪ್ರಯಾಣ ಮಾಡುತ್ತದೆ ಎಂದು ತೋರಿಸಬೇಕು. ಆ ಪುರಾವೆ ಸಿಕ್ಕಿದ್ದು ಎಂಡೋಸಲ್ಫಾನ್ ಯಾರೂ ಎರಚದ ಆರ್ಕ್ಟಿಕ್‌ನ ಗಾಳಿ, ಹಿಮ, ಪ್ರಾಣಿಗಳಲ್ಲಿ. 2011ರ ಏಪ್ರಿಲ್‌ನಲ್ಲಿ ಜಿನೀವಾದಲ್ಲಿ ಅದು ಪಟ್ಟಿಗೆ ಸೇರಿತು, ಮೇ ತಿಂಗಳಲ್ಲಿ ಭಾರತದ ಸುಪ್ರೀಂ ಕೋರ್ಟ್ ತಡೆ ನೀಡಿತು. ಕೊಕ್ಕಡದ ಮಗುವೂ ನುನಾವಿಕ್‌ನ ಸೀಲೂ ಒಂದೇ ಕಡತದಲ್ಲಿ ಕೂರಲಿಲ್ಲ. ಆದರೂ ಒಬ್ಬರ ಸಾಕ್ಷ್ಯ ಇನ್ನೊಬ್ಬರಿಗೆ ಒದಗಿತು.

ಪಾದರಸದ ಕಥೆ ಬೇರೆ, ಅದು ನೆಲದಲ್ಲೇ ಇರುವ ಲೋಹ. ಆದರೆ ಹಳೆಯ ಹಲ್ಲು, ಕೂದಲು, ಗರಿಗಳ ಅಧ್ಯಯನಗಳು ಹೇಳುವಂತೆ, ಇಂದು ಆರ್ಕ್ಟಿಕ್ ಪ್ರಾಣಿಗಳಲ್ಲಿರುವ ಪಾದರಸದ ಹತ್ತರಲ್ಲಿ ಒಂಬತ್ತು ಪಾಲು ಕೈಗಾರಿಕಾ ಯುಗದ ಕೊಡುಗೆ. ಕಲ್ಲಿದ್ದಲು ಸುಡುವುದು, ಸಣ್ಣ ಪ್ರಮಾಣದ ಚಿನ್ನದ ಗಣಿಗಾರಿಕೆ ಇದರ ದೊಡ್ಡ ಮೂಲಗಳು. ನುನಾವಿಕ್‌ನಲ್ಲಿ ಮಕ್ಕಳನ್ನು ಹುಟ್ಟಿನಿಂದ ಸುಮಾರು ಹನ್ನೊಂದರ ವಯಸ್ಸಿನವರೆಗೆ ಹಿಂಬಾಲಿಸಿದ ಅಧ್ಯಯನ, ಹೊಕ್ಕುಳಬಳ್ಳಿಯ ರಕ್ತದಲ್ಲಿ ಪಾದರಸ ಹೆಚ್ಚಿದ್ದವರಲ್ಲಿ ಬುದ್ಧಿಮತ್ತೆಯ ಅಂಕ ಕಡಿಮೆಯಿದ್ದುದನ್ನು ಕಂಡಿತು. ಅದೇ ಮಕ್ಕಳಲ್ಲಿ, ಅದೇ ಬಳ್ಳಿಯ ರಕ್ತದಲ್ಲಿ, ಮೀನು ಮತ್ತು ಕಡಲಪ್ರಾಣಿಗಳಿಂದ ಬರುವ ಒಮೆಗಾ-3 ಕೊಬ್ಬಿನಾಮ್ಲ ಹೆಚ್ಚಿದ್ದವರ ನೆನಪಿನ ಶಕ್ತಿ ಉತ್ತಮವಾಗಿತ್ತು. ವಿಷವೂ ಪೋಷಣೆಯೂ ಒಂದೇ ತುತ್ತಿನಲ್ಲಿ ಬಂದಿದ್ದವು.

ಹಾಗಾದರೆ ತಿನ್ನಬೇಡಿ ಎನ್ನುವುದೇ? ಪರ್ಯಾಯವಾಗಿ ಅಂಗಡಿಯಲ್ಲಿ ಸಿಗುವುದು ವಿಮಾನದಲ್ಲೋ ಹಡಗಿನಲ್ಲೋ ಬಂದ ದುಬಾರಿ ದಿನಸಿ. ಕೈಗೆಟಕುವುದು ಹೆಚ್ಚಾಗಿ ಸಕ್ಕರೆ, ಮೈದಾ, ಚಿಪ್ಸ್. 2007-08ರ ಇನುಯಿಟ್ ಆರೋಗ್ಯ ಸಮೀಕ್ಷೆಯ ಪ್ರಕಾರ ಕೆನಡಾದ ನುನಾವುಟ್‌ನಲ್ಲಿ ಮೂರರಿಂದ ಐದು ವರ್ಷದ ಮಕ್ಕಳಲ್ಲಿ ಶೇ. 70ರಷ್ಟು ಮಂದಿಯ ಮನೆಯಲ್ಲಿ ಆಹಾರದ ಅಭದ್ರತೆ ಇತ್ತು. ಸೀಲ್ ಕೊಂದವನು ಅದನ್ನು ಹಂಚುತ್ತಾನೆ. ಸೂಪರ್‌ಮಾರ್ಕೆಟ್‌ನ ಚೀಲವನ್ನು ಊರಿಗೆಲ್ಲ ಹಂಚುವ ರೂಢಿ ಇಲ್ಲ. ಆದ್ದರಿಂದ ಸಲಹೆಗಳು ಕ್ರಮೇಣ ‘ಬೇಡ’ ಎಂಬುದರಿಂದ ‘ಯಾವುದು, ಯಾರಿಗೆ, ಎಷ್ಟು’ ಎಂಬ ಕಡೆಗೆ ಹೊರಳಿದವು. ನುನಾವಿಕ್‌ನಲ್ಲಿ ಪಾದರಸದ ಮುಖ್ಯ ಮೂಲ ಬೆಲುಗಾದ ಮಾಂಸ, ಅದರಲ್ಲೂ ಒಣಗಿಸಿದ ‘ನಿಕ್ಕು’ ಎಂದು ಗೊತ್ತಾದ ಮೇಲೆ, ಮಕ್ಕಳನ್ನು ಹೆರುವ ವಯಸ್ಸಿನ ಹೆಂಗಸರಷ್ಟೇ ಅದನ್ನು ಕಡಿಮೆ ಮಾಡಬೇಕೆಂದು ಅಲ್ಲಿನ ಪ್ರಾದೇಶಿಕ ಆರೋಗ್ಯ ಮಂಡಳಿ 2011ರಲ್ಲಿ ಹೇಳಿತು. ಬೆಲುಗಾದ ಚರ್ಮ ಮತ್ತು ಕೊಬ್ಬಿನ ‘ಮತ್ತಾಕ್’ಗೆ ಆ ನಿರ್ಬಂಧ ಬೀಳಲಿಲ್ಲ. ಅದರಲ್ಲಿ ಪಾದರಸ ಕಡಿಮೆ, ಸೆಲೆನಿಯಂ ಹೇರಳ.

ಪಿಸಿಬಿ, ಡಿಡಿಟಿ ಈಗ ತಾಯಂದಿರ ರಕ್ತದಲ್ಲಿ ಇಳಿದಿವೆ. ನಿಷೇಧಗಳು ಕೆಲಸ ಮಾಡಿವೆ. ಆದರೆ ಆ ರಾಸಾಯನಿಕಗಳು ಬಿಟ್ಟ ಜಾಗಕ್ಕೆ ಬೇರೆಯವು ಬರುತ್ತಿವೆ. ತಮಿಳುನಾಡು ಮೂಲದ ರಸಾಯನ ವಿಜ್ಞಾನಿ ಕುರುಂತಾಚಲಂ ಕಣ್ಣನ್ ಮತ್ತು ಜಾನ್ ಗೀಸಿ 2001ರಲ್ಲಿ ಹಿಮಕರಡಿಗಳಲ್ಲಿ ಪಿಎಫ್‌ಒಎಸ್ ಇರುವುದನ್ನು ತೋರಿಸಿದರು. ಬಟ್ಟೆ, ಕಾಗದ, ಪಾತ್ರೆಗಳಿಗೆ ನೀರು-ಜಿಡ್ಡು ಅಂಟದಂತೆ ಮಾಡುವ ಕುಟುಂಬದ ವಸ್ತು ಇದು. ಕೊಬ್ಬಿಗಲ್ಲ, ರಕ್ತದ ಪ್ರೋಟೀನಿಗೆ ಅಂಟುತ್ತದೆ. 2009ರಲ್ಲಿ ಅದು ಸ್ಟಾಕ್‌ಹೋಮ್ ಪಟ್ಟಿ ಸೇರಿತು. ಅದೇ ಕುಟುಂಬದ ಉದ್ದ ಸರಪಳಿಯ ಆಮ್ಲಗಳು ನುನಾವಿಕ್ ಗರ್ಭಿಣಿಯರಲ್ಲಿ ಕಂಡ ಮೇಲೆ, ಅವನ್ನೂ ಸೇರಿಸಬೇಕೆಂದು ಕೆನಡಾ 2021ರಲ್ಲಿ ಪ್ರಸ್ತಾವ ಇಟ್ಟಿತು. 2025ರ ಜಿನೀವಾ ಸಭೆಯಲ್ಲಿ ಅವು ಪಟ್ಟಿಗೆ ಸೇರಿದವು, ಭಾರತದ ಹೊಲಗಳಲ್ಲಿ ಇವತ್ತಿಗೂ ಸಿಂಪಡಿಸುವ ಕ್ಲೋರ್‌ಪೈರಿಫಾಸ್‌ನ ಜೊತೆಯಲ್ಲೇ.