ಗ್ರಾಮಾಂತರದ ಮತದಾರರು: ಜಾತಿ, ಕಸುಬು, ಭಾಷೆ

ಬೆಂಗಳೂರು ಗ್ರಾಮಾಂತರದ ಮತದಾರರ ಪಟ್ಟಿಯಲ್ಲಿ ಜಾತಿಯ ಕಾಲಂ ಇಲ್ಲ. ಹೆಸರು, ತಂದೆಯ ಇಲ್ಲವೇ ಗಂಡನ ಹೆಸರು, ಮನೆ ನಂಬರು, ವಯಸ್ಸು, ಲಿಂಗದಂಥ ವಿವರಗಳಿವೆ. ಮತದಾರರ ಸಮುದಾಯವಾರು ಚಿತ್ರವನ್ನು ಜನಗಣತಿ ಮತ್ತು ನೆಲದ ಇತಿಹಾಸದಿಂದಲೇ ಊಹಿಸಬೇಕು.

ಈ ಪ್ರದೇಶ ಸೇರಿದ್ದ ಮೈಸೂರು ಸಂಸ್ಥಾನದಲ್ಲಿ 1881ರಲ್ಲಿ ಪ್ರಜಾಪ್ರತಿನಿಧಿ ಸಭೆ ಆರಂಭವಾದಾಗ ಸದಸ್ಯರು ಭೂಮಾಲೀಕ ರೈತರು ಮತ್ತು ವರ್ತಕರು. ಮುಂದೆ ಚುನಾವಣೆ ಬಂದರೂ ಮತದ ಹಕ್ಕು ಆಸ್ತಿ, ಕಂದಾಯ, ವಿದ್ಯೆಗಳಿಗೆ ಅಂಟಿಕೊಂಡಿತ್ತು. ಹೀಗಾಗಿ ಜಮೀನಿಲ್ಲದ ಕೂಲಿಕಾರರು, ಅವರಲ್ಲೂ ಹೆಚ್ಚಾಗಿ ದಲಿತರು, ಹೊರಗುಳಿದರು. ಎಲ್ಲ ವಯಸ್ಕರೂ ಮತಗಟ್ಟೆಗೆ ಬಂದದ್ದು 1951–52ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ. 1989ರಲ್ಲಿ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು.

ಸಮುದಾಯಗಳ ನೆಲೆ ಈ ಮತದ ಹಕ್ಕಿಗಿಂತ ಹಳೆಯದು. ದೇವನಹಳ್ಳಿ, ಹೊಸಕೋಟೆಗಳಲ್ಲಿ ಮೊರಸು ಒಕ್ಕಲಿಗರು ಬೇರೂರಿದ್ದಾರೆ. ದೇವನಹಳ್ಳಿ ಬಳಿಯ ಆವತಿಯ ಪಾಳೆಯಗಾರರೂ ಇದೇ ಸಮುದಾಯದವರು. ಅನೇಕ ಮನೆಗಳಲ್ಲಿ ಕನ್ನಡದ ಜೊತೆ ತೆಲುಗೂ ನಡೆಯುತ್ತದೆ. ದೊಡ್ಡಬಳ್ಳಾಪುರದಲ್ಲಿ ಮಗ್ಗದ ಸದ್ದಿನೊಂದಿಗೆ ದೇವಾಂಗ, ಪದ್ಮಶಾಲಿ ಮುಂತಾದ ನೇಕಾರ ಕುಟುಂಬಗಳಿವೆ. ನೆಲಮಂಗಲದಲ್ಲಿ ಒಕ್ಕಲಿಗರ ಜೊತೆಗೆ ಲಿಂಗಾಯತರೂ ಇದ್ದಾರೆ. ಕುರುಬರು, ತಿಗಳರು, ಮುಸ್ಲಿಮರು ಜಿಲ್ಲೆಯ ಉದ್ದಗಲಕ್ಕೂ ಇದ್ದಾರೆ.

1986ರಲ್ಲಿ ಬೆಂಗಳೂರು ಜಿಲ್ಲೆಯಿಂದ ಗ್ರಾಮಾಂತರ ಜಿಲ್ಲೆ ಬೇರೆಯಾಯಿತು. 2007ರಲ್ಲಿ ರಾಮನಗರ ಕಳಚಿಕೊಂಡು ನಾಲ್ಕು ತಾಲ್ಲೂಕು ಉಳಿದವು. 2011ರ ಜನಗಣತಿಯಂತೆ 9,90,923 ಜನರಲ್ಲಿ ಐದನೇ ಒಂದು ಪಾಲಿಗಿಂತ ಹೆಚ್ಚು ಮಂದಿ ಪರಿಶಿಷ್ಟ ಜಾತಿಯವರು. ನಾಲ್ಕು ವಿಧಾನಸಭಾ ಕ್ಷೇತ್ರಗಳಲ್ಲಿ ದೇವನಹಳ್ಳಿ, ನೆಲಮಂಗಲ ಎರಡೂ ಅವರಿಗೆ ಮೀಸಲು. ಮೀಸಲು ಇರುವುದು ಅಭ್ಯರ್ಥಿಗೆ ಮಾತ್ರ. ಮತ ಹಾಕುವವರು ಎಲ್ಲ ಸಮುದಾಯದವರು.