ಕಾರ್ಡಿಯೊಲಿಪಿನ್ ಪರೀಕ್ಷೆಯ ಪೂರ್ವೇತಿಹಾಸ

ಸಾಧ್ಯವಿರುವ ಎಡೆಯಲ್ಲಿಯೂ ಇಲ್ಲದ ಎಡೆಯಲ್ಲಿಯೂ ಕಾಣಬರುವ ಹೇತುವನ್ನು ನೈಯಾಯಿಕರು ಸವ್ಯಭಿಚಾರವೆಂದು ಕರೆಯುತ್ತಾರೆ. ಇಂತಹ ಹೇತುವೊಂದನ್ನು ನಿಶ್ಚಿತ ಪ್ರಮಾಣವೆಂದು ನಂಬಿದುದರಿಂದ ವೈದ್ಯಶಾಸ್ತ್ರದಲ್ಲಿ ಉಂಟಾದ ಪ್ರಮಾದವೂ, ಆ ಪ್ರಮಾದದ ಪರಿಶೋಧನೆಯಿಂದಲೇ ಹೊಸ ವ್ಯಾಧಿಯೊಂದರ ಜ್ಞಾನವು ಉದಿಸಿದ ಕ್ರಮವೂ ವಿಚಾರಾರ್ಹವಾಗಿವೆ.

ಕ್ರಿ. ಶ. 1906ರಲ್ಲಿ ಜರ್ಮನಿಯ ವಾಸರ್‌ಮನ್ನರೂ ಅವರ ಸಹಕಾರಿಗಳೂ ಫಿರಂಗರೋಗವನ್ನು, ಎಂದರೆ ಸಿಫಿಲಿಸನ್ನು, ರಕ್ತದಿಂದ ಗುರುತಿಸುವ ಪರೀಕ್ಷೆಯನ್ನು ಪ್ರಕಟಿಸಿದರು. ಅದಕ್ಕೆ ಮೊದಲು ರೋಗಗ್ರಸ್ತ ಯಕೃತ್ತಿನ ಸಾರವು ಬೇಕಾಗಿದ್ದಿತು; ಎತ್ತಿನ ಹೃದಯದ ಸಾರವೂ ಅದೇ ಫಲವನ್ನು ಕೊಡುವುದೆಂದು ಬಳಿಕ ತಿಳಿದುಬಂದಿತು. 1941ರಲ್ಲಿ ಅಮೆರಿಕದ ವಿದುಷಿ ಮೇರಿ ಪ್ಯಾಂಗ್‌ಬಾರ್ನರು ಆ ಹೃದಯದಿಂದ ಕಾರ್ಡಿಯೊಲಿಪಿನ್ ಎಂಬ ಕೊಬ್ಬಿನ ಜಾತಿಯ ದ್ರವ್ಯವನ್ನು ಬೇರ್ಪಡಿಸಿದರು. ಆದುದರಿಂದ ಪರೀಕ್ಷೆಯು ತೋರಿಸುತ್ತಿದ್ದುದು ರೋಗಾಣುವನ್ನಲ್ಲ, ಈ ದ್ರವ್ಯಕ್ಕೆ ಅಂಟುವ ಪ್ರತಿಕಾಯವನ್ನು.

1952ರಲ್ಲಿ ಮೂರ್ ಮತ್ತು ಮೋರ್ ಎಂಬ ವೈದ್ಯರು, ಫಿರಂಗರೋಗವಿಲ್ಲದೆಯೂ ದೀರ್ಘಕಾಲ ಪರೀಕ್ಷೆಯಲ್ಲಿ 'ಉಂಟು' ಎಂದೇ ಬರುವವರನ್ನು ಪ್ರತ್ಯೇಕಿಸಿದರು. ಇವರಲ್ಲಿ ಹಲವರಿಗೆ, ದೇಹವು ತನ್ನ ಮೇಲೆಯೇ ಹಗೆ ಸಾಧಿಸುವ ಲೂಪಸ್ ರೋಗವಿದ್ದಿತು. ನಿರಪರಾಧಿಯಾದ ಗೃಹಿಣಿಗೆ ಇಂತಹ ಫಲವು ತರಬಲ್ಲ ಕಳಂಕವನ್ನು ವಿಸ್ತರಿಸಬೇಕಾದುದಿಲ್ಲ.

ಅದೇ ವರ್ಷ ಕಾನ್ಲಿ ಮತ್ತು ಹಾರ್ಟ್‌ಮನ್ ಎಂಬವರು ಲೂಪಸ್ ರೋಗಿಗಳ ರಕ್ತವು ಗಾಜಿನ ನಳಿಗೆಯಲ್ಲಿ ತಡವಾಗಿ ಹೆಪ್ಪುಗಟ್ಟುವುದನ್ನು ವರ್ಣಿಸಿದರು. 1972ರಲ್ಲಿ ಇದರ ಕಾರಣವಸ್ತುವಿಗೆ 'ಲೂಪಸ್ ಆಂಟಿಕೊಆಗ್ಯುಲಂಟ್', ಎಂದರೆ ಲೂಪಸ್ಸಿನ ಹೆಪ್ಪುನಿರೋಧಕ, ಎಂಬ ಹೆಸರಾಯಿತು. ಹೆಸರು ಅನ್ವರ್ಥವಲ್ಲ. ಲೂಪಸ್ ಇಲ್ಲದವರಲ್ಲಿಯೂ ಇದುಂಟು. ನಳಿಗೆಯಲ್ಲಿ ಹೆಪ್ಪನ್ನು ತಡೆಯುವ ಇದೇ ಪ್ರತಿಕಾಯವು ದೇಹದಲ್ಲಿ ನಾಳಗಳೊಳಗೆ ಹೆಪ್ಪುಗಟ್ಟಿಸಿ, ಪಾರ್ಶ್ವವಾಯುವಿಗೂ ಗರ್ಭನಷ್ಟಕ್ಕೂ ಕಾರಣವಾಗಬಲ್ಲದು.

1983ರಲ್ಲಿ ಲಂಡನ್ನಿನ ಹ್ಯಾರಿಸ್, ಹ್ಯೂಸ್ ಮೊದಲಾದವರು ಕಾರ್ಡಿಯೊಲಿಪಿನ್ ಪ್ರತಿಕಾಯವನ್ನು ನೇರವಾಗಿ ಅಳೆಯುವ ಪರೀಕ್ಷೆಯನ್ನು ಪ್ರಕಟಿಸಿದ ಮೇಲೆ, ಆಂಟಿಫಾಸ್ಫೊಲಿಪಿಡ್ ಸಿಂಡ್ರೋಮ್ ಎಂಬ ವ್ಯಾಧಿಯು ಪ್ರತ್ಯೇಕವಾಗಿ ಸಿದ್ಧವಾಯಿತು. 1990ರಲ್ಲಿ ಬೀಟಾ-2 ಗ್ಲೈಕೊಪ್ರೋಟೀನ್-1 ಎಂಬ ರಕ್ತದ ಪ್ರೋಟೀನೂ ಪ್ರತಿಕಾಯದ ಲಕ್ಷ್ಯವೆಂದು ತಿಳಿಯಿತು. ಸೋಂಕುಗಳಿಂದಲೂ ಇಂತಹ ಪ್ರತಿಕಾಯವು ತಾತ್ಕಾಲಿಕವಾಗಿ ಹುಟ್ಟುವುದರಿಂದ, 12 ವಾರಗಳ ಅಂತರದಲ್ಲಿ ಮರುಪರೀಕ್ಷೆಯಾಗಬೇಕೆಂದೂ, ರೋಗಲಕ್ಷಣವೂ ಇರಬೇಕೆಂದೂ 2006ರ ನಿಯಮವು ವಿಧಿಸಿತು. ಹೇತುವಿನ ವ್ಯಭಿಚಾರವನ್ನು ನಿವಾರಿಸುವುದೇ ಇದರ ತಾತ್ಪರ್ಯ.

ಇಂದು ವಸಂತಪುರದ ರೋಗಿಗೂ ಬೆಂಗಳೂರಿನಲ್ಲಿಯೇ ಈ ಪರೀಕ್ಷೆಗಳು ದೊರೆಯುತ್ತವೆ. ಮತ್ತೆ ಮತ್ತೆ ಗರ್ಭವನ್ನು ಕಳೆದುಕೊಂಡವಳಲ್ಲಿ ಈ ವ್ಯಾಧಿಯು ನಿಶ್ಚಿತವಾದರೆ, ಆಸ್ಪಿರಿನ್ ಮತ್ತು ಹೆಪರಿನ್‌ಗಳಿಂದ ಗರ್ಭವು ನಿಲ್ಲುವ ಸಂಭವವು ಹೆಚ್ಚು. ಒಮ್ಮೆ ಮಿಥ್ಯಾಪವಾದಕ್ಕೆ ಕಾರಣವಾದ ಪ್ರತಿಕಾಯವನ್ನೇ ಸರಿಯಾಗಿ ತಿಳಿದುದರಿಂದ ಈ ರಕ್ಷಣೆಯು ದೊರೆತಿತು.