ಮಾತು ಆಡಿದವನದು, ಕಾಲ ಯಾರದು?

ಶಾಲೆಯ ಇಂಗ್ಲಿಷ್ ತರಗತಿಯಲ್ಲಿ ನಾವೆಲ್ಲ ಕಂಠಪಾಠ ಮಾಡಿದ ಸೂತ್ರವೊಂದಿದೆ: ‘ಹೇಳಿದನು’ ಎಂಬ ಕ್ರಿಯಾಪದ ಭೂತಕಾಲದಲ್ಲಿದ್ದರೆ, ಅವನು ಹೇಳಿದ ಮಾತಿನ ಕಾಲವೂ ಒಂದು ಹೆಜ್ಜೆ ಹಿಂದೆ ಸರಿಯಬೇಕು. ‘ಐ ಆ್ಯಮ್ ಇಲ್’ ಎಂಬುದು ‘ಹಿ ಸೆಡ್ ದಟ್ ಹಿ ವಾಸ್ ಇಲ್’ ಆಗುತ್ತದೆ. ‘ವಿಲ್’ ಇದ್ದಲ್ಲಿ ‘ವುಡ್’ ಬರುತ್ತದೆ. ಡೆನ್ಮಾರ್ಕಿನ ವಿದ್ವಾಂಸ ಆಟೊ ಯೆಸ್ಪರ್ಸನ್ 1924ರ ತಮ್ಮ ‘ದಿ ಫಿಲಾಸಫಿ ಆಫ್ ಗ್ರಾಮರ್’ ಗ್ರಂಥದಲ್ಲಿ ಈ ಸರಿಯುವಿಕೆಯನ್ನು ವಿವೇಚಿಸಿದ್ದಾರೆ. ನಮಗೆ ಇದು ಬೀಜಗಣಿತದ ಲೆಕ್ಕದಂತೆ ಕಂಡಿತ್ತು. ಆದರೆ ಇದರ ಒಳಗೆ ನಂಬಿಕೆಯ ಪ್ರಶ್ನೆಯೊಂದಿದೆ: ಇನ್ನೊಬ್ಬರ ಮಾತನ್ನು ತಲುಪಿಸುವವನು ಎಲ್ಲಿ ನಿಂತು ತಲುಪಿಸುತ್ತಾನೆ? ಬ್ರಿಟಿಷ್ ಸಂಸತ್ತಿನ ವರದಿಗಳ ಇತಿಹಾಸದಲ್ಲಿ ಈ ಪ್ರಶ್ನೆ ಸ್ಪಷ್ಟವಾಗಿ ಕಾಣುತ್ತದೆ.

1738ರಲ್ಲಿ ಹೌಸ್ ಆಫ್ ಕಾಮನ್ಸ್ ತನ್ನ ಚರ್ಚೆಗಳನ್ನು ಪ್ರಕಟಿಸುವುದು ಹಕ್ಕುಚ್ಯುತಿಯೆಂದು ನಿರ್ಣಯಿಸಿತು. ಆಗ ‘ಜಂಟಲ್‌ಮನ್ಸ್ ಮ್ಯಾಗಜೀನ್’ ಆ ಚರ್ಚೆಗಳನ್ನು ಲಿಲಿಪುಟ್ ದೇಶದ ಸಭೆಯ ಕಲಾಪವೆಂಬ ಮುಸುಕಿನಲ್ಲಿ ಅಚ್ಚುಹಾಕಿತು. 1741ರಿಂದ 1744ರವರೆಗೆ ಅವನ್ನು ಬರೆದವರು, ಮುಂದೆ ನಿಘಂಟುಕಾರರೆಂದು ಹೆಸರಾದ ಸ್ಯಾಮ್ಯುಯೆಲ್ ಜಾನ್ಸನ್. ಅವರು ಸದನದಲ್ಲಿ ಕುಳಿತು ಕೇಳಿದವರಲ್ಲ. ಬೇರೆಯವರು ತಂದ ಅಲ್ಪಸ್ವಲ್ಪ ಟಿಪ್ಪಣಿಗಳಿಂದ ಭಾಷಣಗಳನ್ನು ಕಟ್ಟಿದರು. ಆದರೂ ಆ ಭಾಷಣಗಳು ‘ನಾನು’ ಎಂಬ ಉತ್ತಮ ಪುರುಷದಲ್ಲಿ, ವರ್ತಮಾನಕಾಲದಲ್ಲಿ, ಸದಸ್ಯನೇ ಎದುರು ನಿಂತು ನುಡಿಯುತ್ತಿರುವಂತೆ ಇದ್ದವು. ಓದುಗರು ನಿಜವೆಂದೇ ನಂಬಿದರು. ಜಾನ್ಸನ್ ಕೊನೆಗಾಲದಲ್ಲಿ ಇದಕ್ಕಾಗಿ ಮನನೊಂದರು.

1771ರ ನಂತರ ಪತ್ರಿಕೆಗಳ ವರದಿಗಾರಿಕೆಯನ್ನು ತಡೆಯುವ ಯತ್ನವನ್ನು ಸದನ ಕಾರ್ಯತಃ ಕೈಬಿಟ್ಟಿತು. 19ನೆಯ ಶತಮಾನದ ಆರಂಭದಲ್ಲಿ ವಿಲಿಯಂ ಕಾಬೆಟ್ ಆರಂಭಿಸಿದ ಚರ್ಚಾಸಂಗ್ರಹ 1812ರಲ್ಲಿ ಮುದ್ರಕ ಹ್ಯಾನ್ಸಾರ್ಡರ ಕೈಸೇರಿತು. ಅವರ ಹೆಸರೇ ಅದಕ್ಕೆ ನಿಂತಿತು. ಬಹುಕಾಲ ಅದು ಪತ್ರಿಕಾ ವರದಿಗಳನ್ನೇ ಆಧರಿಸಿತ್ತು. ಅದರ ಶೈಲಿ ಬಹುಮಟ್ಟಿಗೆ ಪರೋಕ್ಷ ಕಥನ: ಸದಸ್ಯ ‘ಅವನು’, ಅವನ ವರ್ತಮಾನ ಭೂತವಾಗಿ, ‘ಮಾಡುತ್ತೇನೆ’ ಎಂಬ ಭರವಸೆ ‘ವುಡ್’ ಆಗಿ ಬರುತ್ತಿದ್ದವು. ಓದಲು ನೀರಸವೇ ಸರಿ. ಆದರೆ ಅದರ ಪ್ರತಿ ವಾಕ್ಯವೂ ನಡುವೆ ಒಬ್ಬ ಬರೆದವನಿದ್ದಾನೆ ಎಂಬುದನ್ನು ಮರೆಮಾಚಲಿಲ್ಲ.

1909ರಲ್ಲಿ ಕಾಮನ್ಸ್ ಸಭೆ ತನ್ನದೇ ವರದಿಗಾರರನ್ನು ನೇಮಿಸಿ ಅಧಿಕೃತ ವರದಿಯನ್ನು ಕೈಗೆತ್ತಿಕೊಂಡಾಗ ಉತ್ತಮ ಪುರುಷದ, ಸಾಧ್ಯವಾದಷ್ಟೂ ಯಥಾವತ್ತಾದ ನಿರೂಪಣೆಯೇ ರೂಢಿಯಾಯಿತು. ಆಡಿದವನ ಕಾಲ ಮತ್ತೆ ಅವನಿಗೇ ಸಂದಿತು. ಜಾನ್ಸನ್ ಕಲ್ಪನೆಯಿಂದ ಪಡೆದ ‘ನಾನು’ವನ್ನು ಸದನವು ಪ್ರತ್ಯಕ್ಷ ಕೇಳಿದವರ ಲೇಖನಿಯಿಂದ ಗಳಿಸಿತು.

ಸೂತ್ರದ ಅಪವಾದಗಳಲ್ಲೂ ಇದೇ ತತ್ತ್ವವಿದೆ. ಭೂಮಿ ಸೂರ್ಯನನ್ನು ಸುತ್ತುತ್ತದೆ ಎಂಬಂಥ ಮಾತಿನ ಕಾಲವನ್ನು ಇಂಗ್ಲಿಷ್ ಹಿಂದೆ ಸರಿಸಬೇಕಾಗಿಲ್ಲ. ಏಕೆಂದರೆ ವರದಿಗಾರನೂ ಅದಕ್ಕೆ ಸಾಕ್ಷಿ ನಿಲ್ಲಬಲ್ಲ. ಸರಿಸಿದ ಮಾತ್ರಕ್ಕೆ ಹೇಳಿದ್ದು ಸುಳ್ಳೆಂದಲ್ಲ; ಅದನ್ನು ಆಡಿದ ಹೊತ್ತಿಗೆ ಕಟ್ಟಿಹಾಕಿ, ಹೊಣೆಯನ್ನು ಆಡಿದವನಿಗೇ ಬಿಟ್ಟಂತೆ.

ಕನ್ನಡದ ದಾರಿ ಬೇರೆ. ‘ನಾಳೆ ಬರುತ್ತೇನೆ ಎಂದ’ ಎನ್ನುವಾಗ ನಾವು ಅವನ ಕಾಲವನ್ನು ಮುಟ್ಟುವುದೇ ಇಲ್ಲ. ‘ಎಂದ’ ಎಂಬ ಒಂದೇ ಪದ ನಮ್ಮನ್ನೂ ಅವನನ್ನೂ ಬೇರ್ಪಡಿಸುತ್ತದೆ. ‘ತಾನು ಬರುವುದಾಗಿ ಹೇಳಿದ’ ಎಂದು ಪರೋಕ್ಷವಾಗಿಸಿದರೂ ‘ಬರುವುದು’ ಹಿಂದೆ ಸರಿಯದು. ಇಂಗ್ಲಿಷಿನ ‘ಹಿ’ ಯಾರೆಂದು ತಡಕಾಡುವಲ್ಲಿ ನಮ್ಮ ‘ತಾನು’ ದಾರಿ ತೋರುತ್ತದೆ. ಆ ಸೂತ್ರ ನಮ್ಮ ಮಕ್ಕಳಿಗೆ ಕಷ್ಟವಾಗುವುದಕ್ಕೆ ಇದೂ ಒಂದು ಕಾರಣ. ಕಾಲವನ್ನು ಯಾಂತ್ರಿಕವಾಗಿ ಬದಲಿಸಲು ಕಲಿಸುವ ಮೊದಲು ‘ಈ ಮಾತಿಗೆ ಹೊಣೆ ಯಾರು?’ ಎಂದು ಕೇಳಿಸಿದರೆ, ಸೂತ್ರವೂ ಅರ್ಥವಾದೀತು. ನಿತ್ಯ ಓದುವ ವರದಿಗಳನ್ನು ಅಳೆಯುವ ವಿವೇಕವೂ ಜೊತೆಗೆ ಬಂದೀತು.